ಮೊದಲ ಕರಡು ಮುಗಿಸಿ, ಎತ್ತಿಟ್ಟು, ಆಮೇಲೆ ತಿದ್ದುವುದು: ಕಾದಂಬರಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಕಾದಂಬರಿ ಶುರು ಮಾಡುವುದು ಹೇಗೆ, ಪಾತ್ರ ಕಟ್ಟುವುದು ಹೇಗೆ, ಸಂಭಾಷಣೆ ಬರೆಯುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕೊನೆಯ ಅಧ್ಯಾಯ ಬರೆದ ದಿನಕ್ಕೂ ತಿದ್ದಲು ಕೂರುವ ದಿನಕ್ಕೂ ನಡುವೆ ಏನು ಮಾಡಬೇಕು ಎನ್ನುವುದನ್ನು ಮಾತ್ರ ‘ಸ್ವಲ್ಪ ದಿನ ಬಿಟ್ಟು ನೋಡಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಎಷ್ಟು ದಿನ? ಅಷ್ಟು ದಿನ ಏನು ಮಾಡಬೇಕು? ಮತ್ತೆ ಕೈಗೆತ್ತಿಕೊಂಡಾಗ ಎಲ್ಲಿಂದ ಶುರು ಮಾಡಬೇಕು? ಇದಕ್ಕೆಲ್ಲ ಉತ್ತರ ಗೊತ್ತಿಲ್ಲದೆ ತುಂಬ ಜನ ಮರುದಿನವೇ ಮೊದಲ ಪುಟಕ್ಕೆ ವಾಪಸ್ ಹೋಗಿ ವಾಕ್ಯ ತಿದ್ದಲು ಶುರು ಮಾಡುತ್ತಾರೆ. ಮೂರು ಅಧ್ಯಾಯ ಚೆನ್ನಾಗಿ ಹೊಳೆಯುತ್ತವೆ. ಅಷ್ಟರಲ್ಲಿ ಉತ್ಸಾಹ ಮುಗಿದಿರುತ್ತದೆ. ಉಳಿದ ಇಪ್ಪತ್ತು ಅಧ್ಯಾಯ ಹಾಗೇ ಬಿದ್ದಿರುತ್ತವೆ.

ಬರೆಯುವಾಗ ನಮ್ಮ ತಲೆಯೊಳಗೆ ಇರುವ ಕಾದಂಬರಿ, ಕಾಗದದ ಮೇಲಿರುವ ಕಾದಂಬರಿಗಿಂತ ದೊಡ್ಡದು. ತಾಯಿ ಊಟ ಬಡಿಸುತ್ತಾ ಮಗನ ಮುಖ ನೋಡುವುದಿಲ್ಲ ಎಂದು ಬರೆದಿದ್ದೀರಿ ಅಂದುಕೊಳ್ಳಿ. ಯಾಕೆ ನೋಡುವುದಿಲ್ಲ ಎನ್ನುವುದು ನಿಮಗೆ ಗೊತ್ತು. ಹಿಂದಿನ ರಾತ್ರಿ ಅವಳು ಅವನ ಪತ್ರ ಓದಿದ್ದಾಳೆ. ಆದರೆ ಆ ಪತ್ರದ ಪ್ರಸಂಗವನ್ನು ನೀವು ಎರಡು ತಿಂಗಳ ಹಿಂದೆಯೇ ಕತ್ತರಿಸಿ ಹಾಕಿದ್ದೀರಿ. ಈಗ ಓದಿದರೂ ನಿಮ್ಮ ತಲೆ ಆ ಪತ್ರವನ್ನು ತಾನೇ ತಂದು ಸೇರಿಸಿಕೊಳ್ಳುತ್ತದೆ, ದೃಶ್ಯ ಮನಸ್ಸಿಗೆ ನಾಟುತ್ತದೆ. ಓದುಗರಿಗೆ ಮಾತ್ರ ಏನೂ ಅರ್ಥವಾಗುವುದಿಲ್ಲ. ಕಾಯುವುದು ಯಾಕೆಂದರೆ, ತಲೆಯಲ್ಲಿರುವ ಆ ಹೆಚ್ಚುವರಿ ಕಾದಂಬರಿ ಮಸುಕಾಗಿ, ಕಾಗದದ ಮೇಲೆ ಇರುವುದಷ್ಟೇ ಕಣ್ಣಿಗೆ ಬೀಳಬೇಕು. ಕೆಳಗಿನ ಎಲ್ಲ ಹಂತಗಳೂ ಇದಕ್ಕಾಗಿಯೇ.

ಹಂತ 1: ‘ಮುಗಿಯಿತು’ ಎಂದರೆ ಏನು ಎಂದು ಮೊದಲು ನಿರ್ಧರಿಸಿ

ಕರಡು ಮುಗಿಯುವುದು ಎಂದರೆ ಕಥೆ ಮೊದಲಿಂದ ಕೊನೆಯವರೆಗೆ ಒಂದು ಸಲ ನಡೆದುಹೋಗುವುದು. ಅಷ್ಟೇ. ಚೆನ್ನಾಗಿರಬೇಕು ಎಂದಿಲ್ಲ. ಎಲ್ಲ ಹೆಸರು ಸರಿಯಿರಬೇಕು ಎಂದೂ ಇಲ್ಲ. ಆದರೆ ಕೊನೆಯ ದೃಶ್ಯ ಇರಲೇಬೇಕು. ‘ಕ್ಲೈಮ್ಯಾಕ್ಸ್ ಒಂದು ಬಾಕಿ ಇದೆ, ಅದನ್ನು ತಿದ್ದುವಾಗ ಬರೆಯುತ್ತೇನೆ’ ಎನ್ನುವವರ ಕರಡು ಮುಗಿದಿಲ್ಲ. ಅಂಥ ಕರಡನ್ನು ಎತ್ತಿಟ್ಟು ಕಾಯುವುದರಿಂದ ಪ್ರಯೋಜನವಿಲ್ಲ. ಬರೆಯದೆ ಉಳಿದ ದೃಶ್ಯ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ, ಏನೂ ಮಸುಕಾಗುವುದಿಲ್ಲ.

ಎಷ್ಟು ಪದ ಬರೆದರೆ ಕಾದಂಬರಿ ಎಂದು ಕೇಳುವವರಿಗೆ ಒಂದು ಮಾತು. ಇಂಗ್ಲಿಷ್ ಕಾದಂಬರಿಗಳಿಗೆ ಹೇಳುವ 80,000 ಪದಗಳ ಲೆಕ್ಕವನ್ನು ಕನ್ನಡಕ್ಕೆ ಹಚ್ಚಬೇಡಿ. ನಮ್ಮಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ, ಸಂಧಿಯಲ್ಲಿ ಎರಡು ಪದ ಒಂದಾಗುತ್ತವೆ. ಅಷ್ಟೇ ದೊಡ್ಡ ಕಥೆ ನಮ್ಮಲ್ಲಿ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಪುಟ ಎಣಿಸಿ, ಅಥವಾ ದೃಶ್ಯ ಎಣಿಸಿ. ನನಗೆ ದೃಶ್ಯದ ಲೆಕ್ಕವೇ ಹೆಚ್ಚು ನಂಬಿಕೆಯದ್ದು ಅನಿಸುತ್ತದೆ.

ಹಂತ 2: ಕೊನೆಯ ಕಾಲು ಭಾಗವನ್ನು ದಾಟಿ

ಹೆಚ್ಚಿನ ಕರಡುಗಳು ನಿಲ್ಲುವುದು ಇಲ್ಲೇ. ಶುರುವಿನಲ್ಲಿ ಕಥೆಗೆ ಎಲ್ಲ ದಾರಿಯೂ ತೆರೆದಿರುತ್ತದೆ. ಕೊನೆಗೆ ಬಂದಾಗ ಒಂದೇ ದಾರಿ ಉಳಿದಿರುತ್ತದೆ, ಅದು ಸಾಕಾಗುವುದಿಲ್ಲವೇನೋ ಎಂಬ ಭಯ ಹುಟ್ಟುತ್ತದೆ. ಆಗ ಹಿಂದೆ ಹೋಗಿ ತಿದ್ದುವ ಆಸೆ ಜೋರಾಗುತ್ತದೆ. ಹೋಗಬೇಡಿ.

ಮೊದಲು ಒಂದು ಹಾಳೆಯಲ್ಲಿ ಬಾಕಿ ಇರುವ ದೃಶ್ಯಗಳನ್ನಷ್ಟೇ ಬರೆಯಿರಿ. ಒಂದೊಂದಕ್ಕೆ ಒಂದು ಸಾಲು: ಯಾರಿದ್ದಾರೆ, ಏನು ಬದಲಾಗುತ್ತದೆ. ‘ಇನ್ನೂ ಬಹಳ ಇದೆ’ ಅನಿಸುತ್ತಿದ್ದದ್ದು ಹನ್ನೊಂದೋ ಹದಿನೈದೋ ದೃಶ್ಯ ಎಂದು ಗೊತ್ತಾದರೆ ಕೈ ತಾನಾಗಿ ಚುರುಕಾಗುತ್ತದೆ. ಅವುಗಳನ್ನು ಸಾಲಾಗಿಯೇ ಬರೆಯಬೇಕೆಂದಿಲ್ಲ. ಕೊನೆಯ ದೃಶ್ಯ ಕಣ್ಣಿಗೆ ಕಟ್ಟಿದಂತಿದ್ದರೆ ಅದನ್ನೇ ಮೊದಲು ಬರೆಯಿರಿ. ಆಮೇಲೆ ಅಲ್ಲಿಗೆ ಹೋಗಲು ಏನೇನು ಬೇಕು ಎಂದು ಹಿಂದಕ್ಕೆ ಯೋಚಿಸಿ.

ಮಧ್ಯದಲ್ಲಿ ಕಥೆಯ ಬಗ್ಗೆ ಮನಸ್ಸು ಬದಲಾದರೆ? ನಾಯಕಿಯ ಅಣ್ಣ ಕಥೆ ಶುರುವಾಗುವ ಮೊದಲೇ ತೀರಿಕೊಂಡಿದ್ದರೆ ಚೆನ್ನ ಎಂದು ಹದಿನೇಳನೇ ಅಧ್ಯಾಯದಲ್ಲಿ ಹೊಳೆಯಿತು ಅಂದುಕೊಳ್ಳಿ. ಹಿಂದಿನ ಹದಿನಾರು ಅಧ್ಯಾಯ ತಿದ್ದಲು ಹೋಗಬೇಡಿ. ಬೇರೆ ಫೈಲ್‌ನಲ್ಲಿ ‘ಅಣ್ಣ ಮೊದಲೇ ತೀರಿಕೊಂಡಿದ್ದಾನೆ, 17ರಿಂದ ಹೀಗೆ’ ಎಂದು ಬರೆದಿಟ್ಟು, ಅಲ್ಲಿಂದ ಮುಂದೆ ಅವನು ಇಲ್ಲವೇ ಇಲ್ಲ ಎನ್ನುವಂತೆ ಬರೆಯುತ್ತಾ ಹೋಗಿ. ಹತ್ತು ಪುಟ ಬಿಟ್ಟು ಅವನನ್ನು ಮತ್ತೆ ಬದುಕಿಸಬೇಕು ಎಂದು ನಿಮಗೇ ಅನಿಸಬಹುದು. ಆಗ ಹಿಂದಿನದನ್ನು ತಿದ್ದದೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ಗೊತ್ತಾಗುತ್ತದೆ.

ತಕ್ಷಣ ಬರೆಯಲಾಗದ ಕಡೆ ಗುರುತು ಹಾಕಿ ಮುಂದೆ ಹೋಗಿ. ಕಾದಂಬರಿಯಲ್ಲಿ ಬೇರೆಲ್ಲೂ ಬರದ ಒಂದು ಚಿಹ್ನೆ ಇಟ್ಟುಕೊಳ್ಳಿ, ಉದಾಹರಣೆಗೆ @@. ‘@@ ಆ ಕಾಲದಲ್ಲಿ ರೈಲು ಟಿಕೆಟ್ ಹೇಗಿರುತ್ತಿತ್ತು’, ‘@@ ಈ ವಕೀಲರಿಗೆ ಹೆಸರು ಬೇಕು’. ಆಮೇಲೆ ಈ ಚಿಹ್ನೆ ಹುಡುಕಿದರೆ ಎಲ್ಲ ಖಾಲಿ ಜಾಗಗಳೂ ಒಂದೇ ಸಲ ಸಿಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹೆಸರು, ವಿವರ, ಇಸವಿ, ವರ್ಣನೆ, ಇವನ್ನೆಲ್ಲ ಬಿಟ್ಟು ಹೋಗಬಹುದು. ಆದರೆ ‘@@ ಇಲ್ಲಿ ಅಪ್ಪ ಮಗಳ ಜಗಳ’ ಎಂದು ಬರೆದು ದಾಟಿದರೆ ಮೋಸ ಹೋಗುವುದು ನೀವೇ. ಬರೆಯಲು ಹಿಂಜರಿಯುವ ದೃಶ್ಯ ಎಷ್ಟೋ ಸಲ ಕಾದಂಬರಿಯ ಎದೆ ಭಾಗವೇ ಆಗಿರುತ್ತದೆ. ಆ ಜಗಳದಲ್ಲಿ ಅಪ್ಪ ಏನು ಹೇಳಿಬಿಡುತ್ತಾನೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕೆಟ್ಟದಾಗಿಯಾದರೂ ಸರಿ, ಬರೆದೇ ಮುಂದೆ ಹೋಗಿ.

ಕೊನೆಯ ಪುಟ ಹೊಳೆಯಲೇಬೇಕು ಎಂದು ವಾರಗಟ್ಟಲೆ ಕೂರಬೇಡಿ. 1929ರಲ್ಲಿ ಬಂದ ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಎಂದು ಅರ್ನೆಸ್ಟ್ ಹೆಮಿಂಗ್ವೇ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಮೊದಲ ಕರಡಿಗೆ ಬೇಕಾಗಿರುವುದು ಅಂಥ ಪ್ರಯತ್ನಗಳಲ್ಲಿ ಒಂದೇ ಒಂದು.

ಹಂತ 3: ಮುಗಿಸಿದ ದಿನವೇ ಮಾಡಬೇಕಾದ ಕೆಲಸ

ಕೊನೆಯ ವಾಕ್ಯ ಬರೆದ ಮೇಲೆ ಸಂತೋಷಪಡಿ. ಇದು ದೊಡ್ಡ ಕೆಲಸ, ಶುರು ಮಾಡಿದವರೆಲ್ಲ ಇಲ್ಲಿಯವರೆಗೆ ಬರುವುದಿಲ್ಲ. ಆಮೇಲೆ, ಅದೇ ದಿನ ಅಥವಾ ಮರುದಿನ, ಈ ಕೆಲಸಗಳನ್ನು ಮುಗಿಸಿ. ತಡ ಮಾಡಿದರೆ ಕಾಯುವ ಅವಧಿಯಲ್ಲಿ ಮತ್ತೆ ಫೈಲ್ ತೆರೆಯಬೇಕಾಗುತ್ತದೆ.

ಫೈಲ್‌ಗೆ ‘ಕರಡು 1’ ಎಂದೂ ಆ ದಿನದ ತಾರೀಕನ್ನೂ ಸೇರಿಸಿ ಹೆಸರಿಡಿ. ಮೂರು ಪ್ರತಿ ಮಾಡಿ: ಕಂಪ್ಯೂಟರ್‌ನಲ್ಲಿ ಒಂದು, ಪೆನ್ ಡ್ರೈವ್‌ನಲ್ಲಿ ಒಂದು, ಇಮೇಲ್ ಅಥವಾ ಗೂಗಲ್ ಡ್ರೈವ್‌ನಂಥ ಕಡೆ ಒಂದು. ಜೊತೆಗೆ ಪಿಡಿಎಫ್ ಕೂಡ ಮಾಡಿಡಿ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುವವರಿಗೆ ಇದು ತುಂಬ ಮುಖ್ಯ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಫೈಲ್ ತೆರೆದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಸಾಧ್ಯವಿದ್ದರೆ ಯೂನಿಕೋಡ್‌ಗೆ (ಬೇರೆ ಕಂಪ್ಯೂಟರ್‌ಗಳಲ್ಲೂ ಅಕ್ಷರ ಸರಿಯಾಗಿ ಕಾಣುವ ವ್ಯವಸ್ಥೆಗೆ) ಬದಲಾಯಿಸಿದ ಪ್ರತಿಯನ್ನೂ ಇಟ್ಟುಕೊಳ್ಳಿ. ಆದರೆ ಹಾಗೆ ಬದಲಾಯಿಸುವಾಗ ಕೆಲವು ಒತ್ತಕ್ಷರಗಳು ಕೆಡಬಹುದು, ಮೂಲ ಫೈಲನ್ನು ಅಳಿಸಬೇಡಿ. ಕೈಬರಹದಲ್ಲಿ ಬರೆದಿದ್ದರೆ ಪ್ರತಿ ಪುಟದ ಫೋಟೋ ತೆಗೆದಿಡಿ, ಪುಟ ಸಂಖ್ಯೆ ಕಾಣುವಂತೆ.

ಈಗ @@ ಹುಡುಕಿ, ಖಾಲಿ ಜಾಗಗಳ ಪಟ್ಟಿಯನ್ನು ಬೇರೆ ಹಾಳೆಗೆ ಇಳಿಸಿಕೊಳ್ಳಿ. ಕಾಯುವ ದಿನಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ, ನಿಮಗೆ ನೀವೇ ಒಂದು ಪತ್ರ ಬರೆಯಿರಿ. ಎರಡು ಪುಟ ಸಾಕು. ಈ ಕಾದಂಬರಿಯಲ್ಲಿ ಏನು ಹೇಳಲು ಹೊರಟಿದ್ದೆ? ಯಾವ ಭಾಗದ ಬಗ್ಗೆ ಅನುಮಾನ ಇದೆ? ಯಾವುದು ಚೆನ್ನಾಗಿ ಬಂದಿದೆ ಅನಿಸುತ್ತಿದೆ? ಯಾವ ಪಾತ್ರ ಕೈಗೆ ಸಿಗಲೇ ಇಲ್ಲ? ಮನಸ್ಸಿನಲ್ಲಿರುವುದನ್ನೆಲ್ಲ ಅದರಲ್ಲಿ ಇಳಿಸಿ, ಲಕೋಟೆಗೆ ಹಾಕಿ ಅಂಟಿಸಿಬಿಡಿ. ಈ ಪತ್ರದಿಂದ ಎರಡು ಲಾಭ. ‘ಮರೆತುಬಿಟ್ಟರೆ?’ ಎಂಬ ಆತಂಕ ಹೋಗುತ್ತದೆ, ಆಗ ಮರೆಯುವುದು ಸುಲಭವಾಗುತ್ತದೆ. ಎರಡನೆಯದು ಹಂತ 6ರಲ್ಲಿ ಬರುತ್ತದೆ.

ಹಂತ 4: ಎಷ್ಟು ದಿನ?

ರೋಮನ್ ಕವಿ ಹೊರೇಸ್, ಬರೆದದ್ದನ್ನು ಒಂಬತ್ತನೇ ವರ್ಷದವರೆಗೆ ಒಳಗೇ ಇಟ್ಟುಕೊಳ್ಳಿ ಎಂದು ಕಾವ್ಯ ಬರೆಯುವ ಕಲೆಯ ಬಗ್ಗೆ ಇರುವ ತನ್ನ ‘ಆರ್ಸ್ ಪೊಯೆಟಿಕಾ’ದಲ್ಲಿ ಹೇಳಿದ. ಒಮ್ಮೆ ಹೊರಗೆ ಬಿಟ್ಟ ಮಾತು ವಾಪಸ್ ಬರುವುದಿಲ್ಲ ಎನ್ನುವುದು ಅವನು ಕೊಟ್ಟ ಕಾರಣ. ಎರಡು ಸಾವಿರ ವರ್ಷ ಕಳೆದ ಮೇಲೆ ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗ್ ತನ್ನ ‘ಆನ್ ರೈಟಿಂಗ್’ (2000) ಪುಸ್ತಕದಲ್ಲಿ ಕನಿಷ್ಠ ಆರು ವಾರ ಎಂದ. ನನ್ನ ಒಲವು ಕಿಂಗ್ ಕಡೆಗೆ. ಆರು ವಾರಕ್ಕಿಂತ ಕಡಿಮೆ ಬೇಡ, ಮೂರು ತಿಂಗಳಿಗಿಂತ ಜಾಸ್ತಿಯೂ ಬೇಡ. ತೀರಾ ತಡ ಮಾಡಿದರೆ ಆ ಕಥೆ ಬರೆಯಬೇಕು ಅನಿಸಿದ್ದ ಕಾರಣವೇ ಮನಸ್ಸಿನಿಂದ ಜಾರಿಹೋಗುತ್ತದೆ. ಆಮೇಲೆ ತಿದ್ದುವ ಕೆಲಸ ಬೇರೆ ಯಾರದ್ದೋ ಪುಸ್ತಕ ತಿದ್ದಿದಂತೆ ಆಗುತ್ತದೆ.

ಆದ್ದರಿಂದ ‘ಮನಸ್ಸು ಬಂದಾಗ’ ಎಂದು ಬಿಡಬೇಡಿ. ತಾರೀಕು ನಿಗದಿ ಮಾಡಿ, ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಆ ದಿನ ಬಂದಾಗ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಮೂರನೇ ಅಧ್ಯಾಯ ಯಾವ ವಾಕ್ಯದಿಂದ ಶುರುವಾಗುತ್ತದೆ? ಅದು ಬಾಯಿಗೆ ಬಂದರೆ ಇನ್ನೂ ಎರಡು ವಾರ ಬಿಡಿ. ಅಲ್ಲಿ ಏನಾಗುತ್ತದೆ ಎಂದಷ್ಟೇ ನೆನಪಿದ್ದು, ಹೇಗೆ ಬರೆದಿದ್ದೆ ಎನ್ನುವುದು ಮರೆತಿದ್ದರೆ ಸಮಯ ಬಂದಿದೆ ಎಂದು ಅರ್ಥ.

ಸ್ಪರ್ಧೆಗೋ ಪ್ರಕಾಶಕರಿಗೋ ಕೊಡುವ ಗಡುವು ಹತ್ತಿರವಿದ್ದು, ಹತ್ತೇ ದಿನ ಸಿಗುತ್ತದೆ ಎಂದಾದರೆ? ದಿನಗಳ ಕೊರತೆಯನ್ನು ರೂಪ ಬದಲಾಯಿಸಿ ಸ್ವಲ್ಪ ಮಟ್ಟಿಗೆ ತುಂಬಬಹುದು. ಸ್ಕ್ರೀನ್ ಮೇಲೆ ಬರೆದದ್ದನ್ನು ಪ್ರಿಂಟ್ ತೆಗೆದು ಓದಿ. ಫಾಂಟ್ ಬದಲಾಯಿಸಿ, ಸಾಲಿನ ಅಗಲ ಬದಲಾಯಿಸಿ, ಕೂರುವ ಜಾಗವನ್ನೂ ಬದಲಾಯಿಸಿ. ಎಲ್ಲಕ್ಕಿಂತ ಒಳ್ಳೆಯದು ಬೇರೆಯವರ ಬಾಯಲ್ಲಿ ಕೇಳುವುದು. ಮನೆಯವರು ಓದಿದರೂ ಆದೀತು, ಫೋನ್‌ನಲ್ಲಿ ಓದಿ ಹೇಳುವ ಸೌಲಭ್ಯವಾದರೂ ಆದೀತು. ಆರು ವಾರಕ್ಕೆ ಇದು ಸಮ ಅಲ್ಲ, ಆದರೆ ಮರುದಿನವೇ ತಿದ್ದಲು ಕೂರುವುದಕ್ಕಿಂತ ಎಷ್ಟೋ ಮೇಲು.

ಹಂತ 5: ಕಾಯುವ ದಿನಗಳು

ಮೊದಲ ವಾರ ವಿಚಿತ್ರವಾಗಿರುತ್ತದೆ. ದಿನವೂ ಕೂರುತ್ತಿದ್ದ ಹೊತ್ತಿಗೆ ಕೈ ಖಾಲಿ. ಪಾತ್ರಗಳ ಸಹವಾಸ ಇಲ್ಲದೆ ಬೇಜಾರು. ಕೆಲವರಿಗೆ ಇದು ದುಃಖದ ಹಾಗೇ ಇರುತ್ತದೆ. ಇನ್ನು ಕೆಲವರಿಗೆ, ಬರೆದದ್ದೆಲ್ಲ ದಂಡ ಎಂಬ ಭಾವನೆ ರಾತ್ರಿ ಎದ್ದು ಕೂರಿಸುತ್ತದೆ. ಎರಡೂ ಸಹಜ. ಕಾದಂಬರಿ ಚೆನ್ನಾಗಿದೆಯೋ ಇಲ್ಲವೋ ಎನ್ನುವುದಕ್ಕೂ ಈ ಭಾವನೆಗಳಿಗೂ ಸಂಬಂಧವಿಲ್ಲ. ‘ಒಂದೇ ಒಂದು ಪುಟ ನೋಡಿಬಿಡ್ತೀನಿ’ ಅನಿಸುವುದು ಈ ವಾರದಲ್ಲೇ. ಫೈಲನ್ನು ಡೆಸ್ಕ್‌ಟಾಪ್‌ನಿಂದ ತೆಗೆದು ಫೋಲ್ಡರ್‌ಗಳ ಒಳಗೆ ಹಾಕಿಡಿ.

ಹೊಸ ಯೋಚನೆ ಹೊಳೆದೇ ಹೊಳೆಯುತ್ತದೆ. ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ‘ಅಯ್ಯೋ, ಆ ಪತ್ರವನ್ನು ಓದಬೇಕಾದದ್ದು ತಂಗಿ ಅಲ್ವಾ!’ ಎಂದು ಅನಿಸಿಬಿಡುತ್ತದೆ. ಅದನ್ನು ನೋಟ್‌ಬುಕ್‌ನಲ್ಲಿ ಬರೆದು ತಾರೀಕು ಹಾಕಿ, ಅಲ್ಲಿಗೆ ಬಿಡಿ. ಕರಡಿಗೆ ಸೇರಿಸಬೇಡಿ. ಆರು ವಾರದ ನಂತರ ಆ ಪಟ್ಟಿಯಲ್ಲಿ ಕೆಲವು ಮಾತ್ರ ಬೆಲೆ ಬಾಳುತ್ತವೆ. ಯಾವುವು ಎಂದು ಇವತ್ತು ಹೇಳಲು ಬರುವುದಿಲ್ಲ.

ಬೇರೆ ಏನಾದರೂ ಬರೆಯಿರಿ. ಚಿಕ್ಕ ಕಥೆ, ಪ್ರಬಂಧ, ಪತ್ರ, ಏನಾದರೂ ಸರಿ. ಕಾದಂಬರಿಯನ್ನು ‘ನಾನು’ ಎಂದು ಬರೆದಿದ್ದರೆ ಇದನ್ನು ‘ಅವಳು’ ಎಂದು ಬರೆಯಿರಿ. ಕಾದಂಬರಿ ಗಂಭೀರವಾಗಿದ್ದರೆ ಇಲ್ಲಿ ಹಗುರವಾಗಿ ಬರೆಯಿರಿ. ಕಾದಂಬರಿಯ ದನಿ ಕಿವಿಯಿಂದ ಹೋಗಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಓದುವಾಗಲೂ ಅಷ್ಟೇ, ನಿಮ್ಮ ವಿಷಯಕ್ಕೆ ಹತ್ತಿರದ ಪುಸ್ತಕಗಳನ್ನು ಈಗ ಬಿಡಿ. ಹೋಲಿಸಿಕೊಂಡು ಕುಗ್ಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

@@ ಪಟ್ಟಿಯ ಸಂಶೋಧನೆ ಈಗ ಮಾಡಬಹುದು. ರೈಲು ಟಿಕೆಟ್ ಹೇಗಿತ್ತು, ಆ ಕಾಯಿಲೆಗೆ ಆಗ ಏನು ಔಷಧ ಕೊಡುತ್ತಿದ್ದರು, ಆಸ್ತಿ ಪಾಲು ಮಾಡುವಾಗ ಯಾರ ಸಹಿ ಬೇಕು, ಇಂಥವೆಲ್ಲ. ಇದಕ್ಕೆ ಕರಡು ತೆರೆಯಬೇಕಿಲ್ಲ.

ಯಾರಿಗಾದರೂ ಓದಲು ಕೊಡಬಹುದೇ? ಕಾಯುವಾಗಲೇ ಗೆಳೆಯರಿಗೆ ಕೊಟ್ಟುಬಿಡುವವರಿದ್ದಾರೆ. ನನಗೆ ಇದು ಸರಿ ಅನಿಸುವುದಿಲ್ಲ. ನಿಮ್ಮ ಕಾದಂಬರಿಯನ್ನು ನೀವು ಹೊಸಬರಾಗಿ ಓದುವ ಅವಕಾಶ ಒಂದೇ ಸಲ ಸಿಗುತ್ತದೆ. ‘ನಡುವೆ ಸ್ವಲ್ಪ ಎಳೆದಿದ್ದೀಯ’ ಎಂದು ಗೆಳೆಯರು ಮೊದಲೇ ಹೇಳಿಬಿಟ್ಟರೆ, ನೀವು ಅಲ್ಲಿಗೆ ಬಂದಾಗ ಅವರ ಕಣ್ಣಿನಿಂದಲೇ ಓದುತ್ತೀರಿ. ಪ್ರಕಾಶಕರಿಗೆ ಕಳಿಸುವ ಮಾತಂತೂ ಈಗ ಬೇಡವೇ ಬೇಡ.

ಹಂತ 6: ಮತ್ತೆ ತೆರೆದಾಗ, ಮೊದಲು ಸುಮ್ನೆ ಓದಿ

ತಾರೀಕು ಬಂತು. ಪ್ರಿಂಟ್ ತೆಗೆಯಿರಿ, ಸಾಲುಗಳ ನಡುವೆ ಜಾಗ ಬಿಟ್ಟು, ಬದಿಯಲ್ಲಿ ಅಗಲ ಅಂಚು ಬಿಟ್ಟು. ಪ್ರಿಂಟ್ ದುಬಾರಿ ಅನಿಸಿದರೆ ಫೋನ್ ಅಥವಾ ಟ್ಯಾಬ್‌ನಲ್ಲಿ ಪಿಡಿಎಫ್ ಓದಿ. ತಿದ್ದಲು ಆಗದ ರೂಪದಲ್ಲಿ ಇರಬೇಕು, ಅಷ್ಟು ಮುಖ್ಯ.

ಎರಡು ಮೂರು ದಿನಗಳಲ್ಲಿ ಮುಗಿಯುವಂತೆ ಓದಿ. ವಾರಕ್ಕೊಂದು ಅಧ್ಯಾಯ ಓದಿದರೆ ಇಡೀ ಕಾದಂಬರಿಯ ಆಕಾರ ಕಾಣುವುದಿಲ್ಲ. ಎರಡನೇ ಅಧ್ಯಾಯದಲ್ಲಿ ಹೇಳಿದ್ದನ್ನೇ ಒಂಬತ್ತನೇ ಅಧ್ಯಾಯದಲ್ಲಿ ಮತ್ತೆ ಹೇಳಿದ್ದೀರಿ ಎನ್ನುವುದು ಒಟ್ಟಿಗೆ ಓದಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ವಾಕ್ಯ ತಿದ್ದಬೇಡಿ. ಕಾಗುಣಿತ ತಪ್ಪು ಕಂಡರೂ ಬಿಡಿ. ಅಂಚಿನಲ್ಲಿ ನಾಲ್ಕೇ ಗುರುತು ಹಾಕಿ: ಬೇಸರ ಬಂದ ಕಡೆ ‘ಬೇ’, ಅರ್ಥವಾಗದ ಕಡೆ ಪ್ರಶ್ನೆ ಚಿಹ್ನೆ, ನಂಬಿಕೆ ಹುಟ್ಟದ ಕಡೆ ‘ನಂ’, ಇಷ್ಟವಾದ ಕಡೆ ಒಂದು ಗೀಟು. ಈ ಕೊನೆಯ ಗುರುತನ್ನು ಬಿಡಬೇಡಿ. ತಿದ್ದುವಾಗ ತಪ್ಪುಗಳ ಜೊತೆ ಜೀವಂತವಾಗಿದ್ದದ್ದನ್ನೂ ಕಿತ್ತು ಹಾಕುವ ಅಪಾಯ ಯಾವಾಗಲೂ ಇರುತ್ತದೆ.

ಓದಿ ಮುಗಿಸಿದ ದಿನ, ಬೇರೇನೂ ಮಾಡುವ ಮೊದಲು, ‘ಈ ಕಾದಂಬರಿ ಯಾವುದರ ಬಗ್ಗೆ ಇದೆ’ ಎಂದು ಒಂದು ಪುಟ ಬರೆಯಿರಿ. ಆಮೇಲೆ ಲಕೋಟೆ ಒಡೆದು ಹಳೆಯ ಪತ್ರ ತೆಗೆಯಿರಿ. ಆಸ್ತಿಯ ಜಗಳದ ಕಥೆ ಬರೆದೆ ಎಂದು ಆ ಪತ್ರ ಹೇಳುತ್ತಿರಬಹುದು. ಓದಿದಾಗ ಕಂಡದ್ದು ಮದುವೆಯಾಗದೆ ಆ ಮನೆಯಲ್ಲೇ ಉಳಿದ ಅತ್ತೆಯ ಕಥೆ ಇರಬಹುದು. ಈ ಎರಡರ ನಡುವಿನ ಅಂತರವೇ ನಿಮ್ಮ ಎರಡನೇ ಕರಡಿನ ಕೆಲಸ.

ಇಂಥ ಅಂತರ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ಉದಾಹರಣೆ ಸಾಕು. ಅವರು 1957ರಲ್ಲಿ ಪ್ರಕಾಶಕರಿಗೆ ಕೊಟ್ಟ ಹಸ್ತಪ್ರತಿಯ ನಾಯಕಿ ಊರಿಗೆ ವಾಪಸ್ ಬಂದ ಬೆಳೆದ ಹೆಣ್ಣು. ಅದರಲ್ಲಿ ಅಲ್ಲಲ್ಲಿ ಬರುವ ಅವಳ ಬಾಲ್ಯದ ನೆನಪುಗಳು ಸಂಪಾದಕಿ ಟೇ ಹೋಹಾಫ್ ಅವರನ್ನು ಸೆಳೆದವು. ಲೀ ಎರಡು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಬರೆದು, ಆ ಬಾಲ್ಯವನ್ನೇ ಕಾದಂಬರಿ ಮಾಡಿದರು. 1960ರಲ್ಲಿ ಅದು ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಆಗಿ ಬಂತು. ಮೊದಲಿನ ಹಸ್ತಪ್ರತಿ ‘ಗೋ ಸೆಟ್ ಎ ವಾಚ್‌ಮನ್’ ಎಂಬ ಹೆಸರಿನಲ್ಲಿ ಅಚ್ಚಾದದ್ದು 2015ರಲ್ಲಿ.

ಹಂತ 7: ದೊಡ್ಡದರಿಂದ ಚಿಕ್ಕದಕ್ಕೆ

ಈಗ ದೃಶ್ಯಗಳ ಪಟ್ಟಿ ಮಾಡಿ. ಪ್ರತಿ ದೃಶ್ಯಕ್ಕೆ ಒಂದು ಸಾಲು: ಎಲ್ಲಿ, ಯಾವಾಗ, ಯಾರಿಗೆ ಏನು ಬೇಕಿತ್ತು, ಕೊನೆಗೆ ಏನು ಬದಲಾಯಿತು, ಎಷ್ಟು ಪುಟ. ‘ಏನು ಬದಲಾಯಿತು’ ಎನ್ನುವ ಜಾಗ ಖಾಲಿ ಉಳಿದ ದೃಶ್ಯಗಳನ್ನು ಮೊದಲು ನೋಡಿ. ಅವನ್ನು ತೆಗೆಯಬೇಕು, ಅಥವಾ ಪಕ್ಕದ ದೃಶ್ಯದ ಜೊತೆ ಸೇರಿಸಬೇಕು.

‘ಕರಡು 2’ ಎಂದು ಹೊಸ ಫೈಲ್ ಮಾಡಿ, ಮೊದಲನೆಯದನ್ನು ಮುಟ್ಟಬೇಡಿ. ತೆಗೆದು ಹಾಕಿದ ಭಾಗಗಳಿಗೆ ಬೇರೆ ಫೈಲ್ ಇರಲಿ. ಕಳೆದುಹೋಗುವುದಿಲ್ಲ ಎಂದು ಗೊತ್ತಿದ್ದರೆ ಕತ್ತರಿಸಲು ಧೈರ್ಯ ಬರುತ್ತದೆ.

ಮೊದಲ ಸುತ್ತಿನಲ್ಲಿ ಕಥೆಯ ಆಕಾರ ಮಾತ್ರ: ಯಾವ ದೃಶ್ಯ ಬೇಕು, ಯಾವುದು ಬೇಡ, ಯಾವುದು ಹಿಂದೆ ಮುಂದೆ ಆಗಬೇಕು, ಅಣ್ಣ ಬದುಕಿದ್ದಾನೋ ಇಲ್ಲವೋ. ಎರಡನೇ ಸುತ್ತಿನಲ್ಲಿ ಪಾತ್ರಗಳು, ಅವರ ಮಾತು. ವಾಕ್ಯಗಳ ಸರದಿ ಆಮೇಲೆ. ಕಾಗುಣಿತ, ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ, ವಿರಾಮ ಚಿಹ್ನೆ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿಸಿದರೆ, ಒಂದು ವಾರ ಕೂತು ನಯ ಮಾಡಿದ ಪುಟವನ್ನೇ ಮುಂದಿನ ತಿಂಗಳು ಕಿತ್ತು ಹಾಕಬೇಕಾಗುತ್ತದೆ. ಅಷ್ಟು ಶ್ರಮ ಹಾಕಿದ ಪುಟವನ್ನು ಕೀಳಲು ಮನಸ್ಸು ಬಾರದೆ, ಬೇಡದ ದೃಶ್ಯ ಪುಸ್ತಕದಲ್ಲೇ ಉಳಿಯುತ್ತದೆ.

ಆಕಾರ ಮತ್ತು ಪಾತ್ರಗಳ ಸುತ್ತು ಮುಗಿದ ಮೇಲೆ ಇಬ್ಬರು ಮೂವರಿಗೆ ಓದಲು ಕೊಡಿ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಎಲ್ಲಿ ಓದು ನಿಲ್ಲಿಸಿ ಎದ್ದು ಹೋದಿರಿ, ಯಾವ ಪಾತ್ರದ ಹೆಸರು ಮರೆತುಹೋಯಿತು, ಮುಂದೆ ಏನಾಗುತ್ತದೆ ಎಂದು ಯಾವ ಪುಟದಲ್ಲಿ ಗೊತ್ತಾಯಿತು ಎಂದು ಕೇಳಿ. ಅವರು ಓದುವಷ್ಟು ದಿನ ನೀವು ಮತ್ತೆ ಫೈಲ್ ಮುಚ್ಚಿಡಿ.